ಬಡ್ಡಿ ಇಳಿದರೆ ಐಟಿ ಷೇರು ಏರಲೇಬೇಕೆ?

ಎರಡು ತಿಂಗಳಿಗೊಮ್ಮೆ ರಿಸರ್ವ್ ಬ್ಯಾಂಕಿನ ಗವರ್ನರ್ ಬೆಳಿಗ್ಗೆ 10 ಗಂಟೆಗೆ ಮುಂಬೈಯಲ್ಲಿ ಕ್ಯಾಮೆರಾ ಎದುರು ಕೂರುತ್ತಾರೆ. ಅದಕ್ಕೂ ಒಂದು ವಾರ ಮೊದಲೇ ನಮ್ಮ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹುಡುಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಚರ್ಚೆ ಶುರುವಾಗಿರುತ್ತದೆ. ‘ಈ ಸಲ ರೇಟ್ ಕಟ್ ಪಕ್ಕಾ ಐತಿ. ಐಟಿ ಮ್ಯಾಲೆ ಹೋಗ್ತೈತಿ ನೋಡು. ಹತ್ತು ಸಾವಿರ ಇದ್ರ ಹಾಕಿಬಿಡು’ ಎಂದು ಒಬ್ಬ ಬರೆಯುತ್ತಾನೆ. ಇನ್ನೊಬ್ಬ ಯಾವುದೋ ಯೂಟ್ಯೂಬ್ ವಿಡಿಯೊದ ಲಿಂಕ್ ಕಳಿಸುತ್ತಾನೆ. ಮೂರನೆಯವನು ತಾನು ಕೊಂಡ ಆಪ್ಷನ್‌ನ ಸ್ಕ್ರೀನ್‌ಶಾಟ್ ಹಾಕುತ್ತಾನೆ. ಕೆಲವು ವರ್ಷಗಳ ಹಿಂದೆ ಇದೇ ಗುಂಪುಗಳಲ್ಲಿ ಐಪಿಎಲ್ ತಂಡ ಕಟ್ಟುವ ಮಾತು ಇರುತ್ತಿತ್ತು. ಈಗ ರೆಪೊ ದರದ ಮಾತು.

ರೆಪೊ ದರದ ಬಗ್ಗೆ ಹಳ್ಳಿಯ ಹುಡುಗರು ಮಾತಾಡುವುದು ತಪ್ಪೇನಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನಂಥವರಿಗೆ ಇದು ಪಠ್ಯವೂ ಹೌದು. ಆದರೆ ಮಾತು ನಿಂತಿರುವುದು ಒಂದೇ ಒಂದು ಸೂತ್ರದ ಮೇಲೆ: ಬಡ್ಡಿ ಇಳಿದರೆ ಟೆಕ್ ಷೇರು ಏರುತ್ತದೆ. ಈ ಸೂತ್ರವನ್ನು ನಂಬಿ ಕಾಲೇಜಿನ ಫೀ, ಅಪ್ಪ ಗೊಬ್ಬರಕ್ಕೆಂದು ಕೊಟ್ಟ ದುಡ್ಡು, ಸ್ಕಾಲರ್‌ಶಿಪ್ ಹಣ ಎಲ್ಲವೂ ಮೊಬೈಲ್ ಆ್ಯಪ್‌ಗೆ ಹೋಗುತ್ತಿವೆ. ಸೂತ್ರ ನಿಜವೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಬೇಕಲ್ಲವೇ?

ಸೂತ್ರ ಬಂದದ್ದು ಎಲ್ಲಿಂದ?

ಮೊದಲು ಸೂತ್ರದಲ್ಲಿರುವ ತರ್ಕವನ್ನು ಗೌರವದಿಂದಲೇ ನೋಡೋಣ. ಹಾನಗಲ್ ಕಡೆ ಮಾವಿನ ತೋಟಗಳಿವೆ. ಈಗಷ್ಟೇ ಸಸಿ ನೆಟ್ಟ ತೋಟವನ್ನು ಒಬ್ಬರು ಕೊಳ್ಳಲು ಬಂದರು ಅಂದುಕೊಳ್ಳಿ. ಫಸಲು ಕೈಗೆ ಬರಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಹಾಕಿದ ದುಡ್ಡು ಸುಮ್ಮನೆ ಕೂತಿರುತ್ತದೆ. ಬ್ಯಾಂಕಿನಲ್ಲಿ ಬಡ್ಡಿ ಜಾಸ್ತಿ ಇದ್ದರೆ, ‘ತೋಟದ ಬದಲು ಠೇವಣಿ ಇಟ್ಟರೇ ಲೇಸು’ ಎಂದು ಆತ ತೋಟಕ್ಕೆ ಕಡಿಮೆ ಬೆಲೆ ಕೇಳುತ್ತಾನೆ. ಬಡ್ಡಿ ಇಳಿದರೆ ಅದೇ ತೋಟಕ್ಕೆ ಹೆಚ್ಚು ಕೊಡಲು ಒಪ್ಪುತ್ತಾನೆ. ಆದಾಯ ದೂರದಲ್ಲಿದ್ದಷ್ಟೂ ಬೆಲೆಯ ಮೇಲೆ ಬಡ್ಡಿಯ ಪ್ರಭಾವ ಹೆಚ್ಚು.

ಅಮೆರಿಕದ ಎಷ್ಟೋ ತಂತ್ರಜ್ಞಾನ ಕಂಪನಿಗಳು ಇಂಥ ಸಸಿ ತೋಟಗಳು. ಇಂದು ಲಾಭವಿಲ್ಲ, ಮುಂದೆ ದೊಡ್ಡ ಲಾಭದ ನಿರೀಕ್ಷೆ ಇದೆ. ಅದಕ್ಕೇ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿ ಇಳಿಸುವ ಸುಳಿವು ಕೊಟ್ಟರೂ ಆ ಷೇರುಗಳು ಕುಣಿಯುತ್ತವೆ. ಆದರೆ ನಮ್ಮ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಕಂಪನಿಗಳು ಪ್ರತಿ ಮೂರು ತಿಂಗಳಿಗೂ ಲಾಭ ತೋರಿಸುವ, ಡಿವಿಡೆಂಡ್ ಹಂಚುವ, ಫಸಲಿಗೆ ಬಂದ ಮರಗಳು. ಅವಕ್ಕೆ ಮುಖ್ಯ ಪ್ರಶ್ನೆ ಬಡ್ಡಿ ಎಷ್ಟು ಎಂಬುದಲ್ಲ, ಹಣ್ಣು ಕೊಳ್ಳುವವರು ಎಷ್ಟು ಕೊಳ್ಳುತ್ತಾರೆ ಎಂಬುದು. ಆ ಗಿರಾಕಿ ಇರುವುದು ಅಮೆರಿಕ ಮತ್ತು ಯುರೋಪಿನಲ್ಲಿ. ಇನ್ಫೊಸಿಸ್‌ನ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಅಮೆರಿಕದಿಂದಲೇ ಬರುತ್ತದೆ. ಮುಂಬೈಯಲ್ಲಿ ರೆಪೊ ಕಾಲು ಪರ್ಸೆಂಟ್ ಇಳಿದರೆ ನ್ಯೂಯಾರ್ಕಿನ ಬ್ಯಾಂಕೊಂದು ಬೆಂಗಳೂರಿನ ಕಂಪನಿಗೆ ಹೊಸ ಕೆಲಸ ಕೊಡುವುದಿಲ್ಲ.

ಒಂದು ಊರಿನ ಮಳೆ ನೋಡಿ ಇನ್ನೊಂದು ಊರಿನ ಹೊಲ ಬಿತ್ತಿದಂತಾಗಿದೆ ನಮ್ಮ ಹುಡುಗರ ಲೆಕ್ಕ.

2025 ಹೇಳಿದ್ದೇನು?

ತರ್ಕ ಬದಿಗಿರಲಿ, ನಡೆದದ್ದನ್ನು ನೋಡೋಣ. 2025ರಲ್ಲಿ ರಿಸರ್ವ್ ಬ್ಯಾಂಕ್ ನಾಲ್ಕು ಸಲ ರೆಪೊ ದರ ಇಳಿಸಿತು. ಫೆಬ್ರುವರಿ 7ರಂದು ಶೇ 6.5ರಿಂದ 6.25ಕ್ಕೆ, ಸುಮಾರು ಐದು ವರ್ಷಗಳ ನಂತರದ ಮೊದಲ ಕಡಿತ ಅದು. ಏಪ್ರಿಲ್ 9ರಂದು ಶೇ 6ಕ್ಕೆ. ಜೂನ್ 6ರಂದು ಒಮ್ಮೆಗೇ ಅರ್ಧ ಪರ್ಸೆಂಟ್ ಇಳಿದು ಶೇ 5.5ಕ್ಕೆ. ಡಿಸೆಂಬರ್ 5ರಂದು ಶೇ 5.25ಕ್ಕೆ. ಒಟ್ಟು ಒಂದೂಕಾಲು ಪರ್ಸೆಂಟ್. ಒಂದೇ ವರ್ಷದಲ್ಲಿ ಇದು ಸಣ್ಣ ಇಳಿಕೆಯಲ್ಲ.

ಆ ನಾಲ್ಕು ದಿನ ಷೇರುಪೇಟೆ ಏನು ಮಾಡಿತು? ಫೆಬ್ರುವರಿ 7ರಂದು ಸೆನ್ಸೆಕ್ಸ್ ಸುಮಾರು 198 ಅಂಶ ಇಳಿಯಿತು. ಏಪ್ರಿಲ್ 9ರಂದು ಸುಮಾರು 380 ಅಂಶ ಇಳಿಯಿತು. ಅಮೆರಿಕದ ಸುಂಕದ ಭಯ ಕಡಿತದ ಖುಷಿಯನ್ನು ನುಂಗಿಹಾಕಿತ್ತು. ಜೂನ್ 6ರಂದು ಸುಮಾರು 747 ಅಂಶ ಏರಿತು. ಡಿಸೆಂಬರ್ 5ರಂದು ಸುಮಾರು 447 ಅಂಶ ಏರಿತು. ನಾಲ್ಕು ಕಡಿತ, ಎರಡು ಏರಿಕೆ, ಎರಡು ಇಳಿಕೆ. ರೂಪಾಯಿ ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಇದೇ ಉತ್ತರ ಬರುತ್ತಿತ್ತು.

ಐಟಿ ಷೇರುಗಳ ಕಥೆ ಇನ್ನೂ ಸ್ಪಷ್ಟ. ನಾಲ್ಕು ಕಡಿತ ಕಂಡ 2025ರ ಕೊನೆಗೆ ನಿಫ್ಟಿ ಐಟಿ ಸೂಚ್ಯಂಕ ವರ್ಷದ ಆರಂಭಕ್ಕಿಂತ ಕೆಳಗೆ ಇತ್ತು. ಅಮೆರಿಕದ ಫೆಡರಲ್ ರಿಸರ್ವ್ ಕೂಡ ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್‌ನಲ್ಲಿ ಮೂರು ಸಲ ಬಡ್ಡಿ ಇಳಿಸಿತ್ತು. ಡಾಲರ್ 90 ರೂಪಾಯಿ ದಾಟಿತ್ತು. ಡಾಲರ್‌ನಲ್ಲಿ ಗಳಿಸುವ ಕಂಪನಿಗಳಿಗೆ ಅದೂ ಅನುಕೂಲವೇ. ಆದರೂ ಸೂಚ್ಯಂಕ ಮೇಲೇಳಲಿಲ್ಲ. ಅಮೆರಿಕದ ಗ್ರಾಹಕರು ಖರ್ಚಿಗೆ ಹಿಂದೆಮುಂದೆ ನೋಡಿದ್ದು, ಎಐ ಬಂದರೆ ಈ ಕಂಪನಿಗಳ ಕೆಲಸದ ಗತಿ ಏನು ಎಂಬ ಅಂಜಿಕೆ, ಹೊಸ ಎಚ್‌–1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಸೆಪ್ಟೆಂಬರ್‌ನ ಘೋಷಣೆ ಇವೆಲ್ಲ ಬಡ್ಡಿಗಿಂತ ಭಾರವಾಗಿದ್ದವು.

ಈಗ ಅದರ ಹಿಂದಿನ ಒಂದು ವರ್ಷ ನೋಡಿ. 2023–24ರ ಹಣಕಾಸು ವರ್ಷದ ಉದ್ದಕ್ಕೂ ರೆಪೊ ಶೇ 6.5ರಲ್ಲೇ ನಿಂತಿತ್ತು. ಒಂದು ಕಡಿತವೂ ಇರಲಿಲ್ಲ. ಆ ವರ್ಷ ನಿಫ್ಟಿ ಐಟಿ ಸೂಚ್ಯಂಕ ಚೆನ್ನಾಗಿಯೇ ಏರಿತು. ಕಡಿತವಿಲ್ಲದ ವರ್ಷ ಏರಿಕೆ, ನಾಲ್ಕು ಕಡಿತದ ವರ್ಷ ಇಳಿಕೆ! ಸೂತ್ರವನ್ನು ತಲೆಕೆಳಗು ಮಾಡಿ ಹಿಡಿದಿದ್ದರೇ ಲಾಭವಾಗುತ್ತಿತ್ತೇನೋ.

ಇದೇನೂ ಹೊಸದಲ್ಲ. 2000ದ ಮಾರ್ಚ್‌ನಲ್ಲಿ ಅಮೆರಿಕದ ಟೆಕ್ ಷೇರುಗಳ ನಾಸ್ಡಾಕ್ ಸೂಚ್ಯಂಕ ಉತ್ತುಂಗ ಮುಟ್ಟಿ ಕುಸಿಯತೊಡಗಿತು. 2001ರಲ್ಲಿ ಫೆಡರಲ್ ರಿಸರ್ವ್ 11 ಸಲ ಬಡ್ಡಿ ಇಳಿಸಿತು, ಶೇ 6.5 ಇದ್ದದ್ದು ಶೇ 1.75ಕ್ಕೆ ಬಂತು. ಆದರೂ ಆ ವರ್ಷ ನಾಸ್ಡಾಕ್ ಇಳಿಯಿತು. ಹಳೆಯ ಎತ್ತರವನ್ನು ಅದು ಮತ್ತೆ ದಾಟಿದ್ದು 2015ರಲ್ಲಿ. ಬಡ್ಡಿ ಇಳಿಸುವುದು ಹಲವು ಸಲ ಜ್ವರಕ್ಕೆ ಕೊಡುವ ಗುಳಿಗೆಯಂತೆ. ಗುಳಿಗೆ ಕೊಟ್ಟರು ಎಂದರೆ ರೋಗಿ ಗಟ್ಟಿ ಇದ್ದಾನೆ ಎಂದಲ್ಲ, ಜ್ವರ ಇದೆ ಎಂದೂ ಅರ್ಥ.

ಎಲ್ಲರಿಗೂ ಗೊತ್ತಿದ್ದ ಸುದ್ದಿಗೆ ಬೆಲೆ ಇಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಡಿತ ಒಳ್ಳೆಯ ಸುದ್ದಿಯೇ ಆಗಿದ್ದರೆ ಫೆಬ್ರುವರಿಯಲ್ಲಿ ಸೆನ್ಸೆಕ್ಸ್ ಯಾಕೆ ಇಳಿಯಿತು?

ಉತ್ತರ ನಮ್ಮ ಸಂತೆಯಲ್ಲೇ ಇದೆ. ಮುಂಗಾರು ಈ ವಾರ ಬರುತ್ತದೆ ಎಂದು ಎಲ್ಲರಿಗೂ ಗೊತ್ತಾದ ಮೇಲೆ ಬೀಜದ ಅಂಗಡಿಯಲ್ಲಿ ನೂಕುನುಗ್ಗಲು ಆಗಿಹೋಗಿರುತ್ತದೆ. ಮಳೆ ನಿಜವಾಗಿ ಬಂದ ದಿನ ಅಂಗಡಿಗೆ ಹೋದವನಿಗೆ ಅಗ್ಗದ ಬೀಜ ಸಿಗುವುದಿಲ್ಲ. ಷೇರುಪೇಟೆಯೂ ಹಾಗೆಯೇ. ಹಣಕಾಸು ನೀತಿ ಸಮಿತಿಯ ಸಭೆಯ ದಿನಾಂಕ ಮೊದಲೇ ಪ್ರಕಟವಾಗಿರುತ್ತದೆ. ಆರು ಜನ ಸದಸ್ಯರು ಏನು ತೀರ್ಮಾನಿಸಬಹುದು ಎಂದು ದೊಡ್ಡ ಬ್ಯಾಂಕುಗಳ ಅರ್ಥಶಾಸ್ತ್ರಜ್ಞರು ಹಣದುಬ್ಬರದ ಅಂಕಿ ಹಿಡಿದು ಮೊದಲೇ ಅಂದಾಜು ಕಟ್ಟಿರುತ್ತಾರೆ. ಕಾಲು ಪರ್ಸೆಂಟ್ ಇಳಿಯುತ್ತದೆ ಎಂದು ಎಲ್ಲರೂ ನಂಬಿದ್ದರೆ ಆ ಕಾಲು ಪರ್ಸೆಂಟ್ ಆಗಲೇ ಷೇರಿನ ಬೆಲೆಯೊಳಗೆ ಸೇರಿರುತ್ತದೆ. ಜೂನ್ 6ರಂದು ಪೇಟೆ ಜಿಗಿದದ್ದು ಯಾಕೆ? ಹೆಚ್ಚಿನವರು ಕಾಲು ಪರ್ಸೆಂಟ್ ನಿರೀಕ್ಷಿಸಿದ್ದರು, ಸಿಕ್ಕಿದ್ದು ಅರ್ಧ. ಜೊತೆಗೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದು ಮೀಸಲು ಪ್ರಮಾಣವನ್ನೂ ಶೇ 4ರಿಂದ ಶೇ 3ಕ್ಕೆ ಹಂತ ಹಂತವಾಗಿ ಇಳಿಸುವುದಾಗಿ ಹೇಳಿದರು. ಪೇಟೆ ಕುಣಿದದ್ದು ಕಡಿತಕ್ಕಲ್ಲ, ನಿರೀಕ್ಷೆಗಿಂತ ಹೆಚ್ಚಿಗೆ ಸಿಕ್ಕಿದ್ದಕ್ಕೆ.

ಹಾಗಾದರೆ ಲಾಭ ಮಾಡಬೇಕಿದ್ದರೆ ನಿಮಗೆ ಗೊತ್ತಿರಬೇಕಾದದ್ದು ‘ಕಡಿತ ಆಗುತ್ತದೆಯೇ’ ಎಂಬುದಲ್ಲ. ‘ಉಳಿದವರೆಲ್ಲ ಅಂದುಕೊಂಡದ್ದಕ್ಕಿಂತ ಎಷ್ಟು ಬೇರೆ ಆಗುತ್ತದೆ’ ಎಂಬುದು. ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಇದನ್ನು ಮುಂಬೈಯವರಿಗಿಂತ ಮೊದಲು ತಿಳಿಯುವ ದಾರಿ ಯಾವುದು? ಇಲ್ಲ. ಮುಂಬೈಯಲ್ಲಿ ಕುಳಿತವರಿಗೂ ಬಹಳ ಸಲ ಇಲ್ಲ.

ಆಪ್ಷನ್ ಕೊಳ್ಳುವವರಿಗೆ ಇನ್ನೊಂದು ಪೆಟ್ಟೂ ಇದೆ. ದೊಡ್ಡ ಘೋಷಣೆಗೆ ಮುಂಚೆ ಬೆಲೆ ಹೇಗಾದರೂ ಜಿಗಿಯಬಹುದು ಎಂಬ ಅನಿಶ್ಚಿತತೆ ಇರುತ್ತದೆ. ಆ ಅನಿಶ್ಚಿತತೆಗೇ ಒಂದು ಬೆಲೆ ಕಟ್ಟಿ ಆಪ್ಷನ್‌ನ ಪ್ರೀಮಿಯಂಗೆ ಸೇರಿಸಿರುತ್ತಾರೆ. ಗವರ್ನರ್ ಮಾತು ಮುಗಿದ ಕೂಡಲೇ ಅನಿಶ್ಚಿತತೆ ಕರಗುತ್ತದೆ, ಪ್ರೀಮಿಯಂ ಕೂಡ ಕರಗುತ್ತದೆ. ‘ನಾ ಹೇಳಿದ್ದ ಕರೆಕ್ಟ್ ಆತು, ಮಾರ್ಕೆಟ್ ಮ್ಯಾಲೇ ಹೋತು, ಆದ್ರೂ ರೊಕ್ಕ ಹೋತಲೇ’ ಎಂದು ನನ್ನ ಸಹಪಾಠಿಯೊಬ್ಬ ತಲೆ ಕೆರೆದುಕೊಂಡದ್ದು ಇದಕ್ಕೇ. ದಿಕ್ಕು ಸರಿ ಇದ್ದೂ ಸೋಲುವ ಆಟ ಇದು.

ಎದುರಿಗೆ ಕುಳಿತವರು ಯಾರು?

ಷೇರುಪೇಟೆ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಬೇಕು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು. ಸರಾಸರಿ ನಷ್ಟ ತಲಾ ಸುಮಾರು ಎರಡು ಲಕ್ಷ ರೂಪಾಯಿ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಗಳಿಸಿದವರು ನೂರಕ್ಕೆ ಒಬ್ಬರು.

ಅದೇ ಅಧ್ಯಯನದ ಇನ್ನೂ ಮೂರು ಅಂಕಿಗಳು ನೇರವಾಗಿ ನಮ್ಮ ಬಗ್ಗೆಯೇ ಇವೆ. 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತ್ತು. ನಾಲ್ವರಲ್ಲಿ ಮೂವರ ವಾರ್ಷಿಕ ಆದಾಯ ಐದು ಲಕ್ಷಕ್ಕಿಂತ ಕಡಿಮೆ. ಶೇ 72ರಷ್ಟು ಜನ ದೇಶದ ಮೊದಲ 30 ದೊಡ್ಡ ನಗರಗಳ ಆಚೆಯವರು. ವಯಸ್ಸು ಕಡಿಮೆ, ಆದಾಯ ಕಡಿಮೆ, ಊರು ಸಣ್ಣದು. ಇದು ನಮ್ಮ ಗುಂಪಿನ ಫೋಟೊ ಅಲ್ಲದೆ ಇನ್ನೇನು?

ಸೋತ ದುಡ್ಡು ಎಲ್ಲಿಗೆ ಹೋಯಿತು? 2023–24ರಲ್ಲಿ ಸ್ವಂತ ಬಂಡವಾಳದಲ್ಲಿ ವಹಿವಾಟು ನಡೆಸುವ ಸಂಸ್ಥೆಗಳು ಸುಮಾರು 33,000 ಕೋಟಿ ರೂಪಾಯಿ, ವಿದೇಶಿ ಹೂಡಿಕೆದಾರರು ಸುಮಾರು 28,000 ಕೋಟಿ ರೂಪಾಯಿ ಲಾಭ ಮಾಡಿದರು. ಆ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ಪ್ರೋಗ್ರಾಂ ತಾನಾಗಿಯೇ ನಡೆಸುವ ವಹಿವಾಟಿನಿಂದ. ನಾವು ಗವರ್ನರ್ ಭಾಷಣದ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಳ್ಳುವಷ್ಟರಲ್ಲಿ ಆ ಪ್ರೋಗ್ರಾಂ ಕೊಂಡು ಮಾರಿ ಮುಗಿಸಿರುತ್ತದೆ. 2025ರ ಜುಲೈನಲ್ಲಿ ಸೆಬಿ ಮಧ್ಯಂತರ ಆದೇಶ ಹೊರಡಿಸಿ, ಬ್ಯಾಂಕ್ ನಿಫ್ಟಿ ಸೂಚ್ಯಂಕವನ್ನು ತಿರುಚಿದ ಆರೋಪದ ಮೇಲೆ ಅಮೆರಿಕದ ಜೇನ್ ಸ್ಟ್ರೀಟ್ ಸಂಸ್ಥೆಯ 4,843 ಕೋಟಿ ರೂಪಾಯಿಯನ್ನು ತಡೆಹಿಡಿಯಿತು. ಸಂಸ್ಥೆ ಆರೋಪವನ್ನು ಅಲ್ಲಗಳೆದಿದೆ. ತೀರ್ಪು ಏನೇ ಬರಲಿ, ಹತ್ತು ಸಾವಿರ ಹಿಡಿದು ಬಂದ ಹುಡುಗನ ಎದುರಿಗೆ ಎಂಥವರು ಕುಳಿತಿದ್ದಾರೆ ಎಂಬುದಂತೂ ಆ ಮೊತ್ತದಿಂದಲೇ ಗೊತ್ತಾಗುತ್ತದೆ.

ನಿಯಂತ್ರಕರು ಸುಮ್ಮನೆ ಕೂತಿಲ್ಲ. ವಾರದ ಎಕ್ಸ್‌ಪೈರಿಗಳನ್ನು ಕಡಿಮೆ ಮಾಡಿದರು, ಒಂದು ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿದರು. ಆದರೂ 2025ರ ಜುಲೈನಲ್ಲಿ ಬಂದ ಮುಂದಿನ ಅಧ್ಯಯನದ ಪ್ರಕಾರ 2024–25ರಲ್ಲೂ ಶೇ 91 ಮಂದಿಗೆ ನಷ್ಟವೇ ಆಗಿದೆ. ಆ ಒಂದೇ ವರ್ಷದ ಒಟ್ಟು ನಷ್ಟ ಒಂದು ಲಕ್ಷ ಕೋಟಿ ರೂಪಾಯಿ ದಾಟಿದೆ.

ಕೆಲಸವೂ ಐಟಿ, ಪಣವೂ ಐಟಿ

ಉದ್ಯೋಗ ಹುಡುಕುತ್ತಿರುವವರು ಇದೊಂದು ಮಾತನ್ನು ಗಂಭೀರವಾಗಿ ಯೋಚಿಸಬೇಕು. ನಮ್ಮಲ್ಲಿ ಬಿಸಿಎ, ಬಿ.ಇ. ಮುಗಿಸಿದವರ ಕನಸು ಹುಬ್ಬಳ್ಳಿ ಅಥವಾ ಬೆಂಗಳೂರಿನ ಐಟಿ ಕಂಪನಿಯ ಒಂದು ಆಫರ್ ಲೆಟರ್. ಅಂದರೆ ಅವರ ಭವಿಷ್ಯ ಆಗಲೇ ಐಟಿಯ ಮೇಲೆ ನಿಂತಿದೆ. ಮನೆಯವರು ಫೀ ಕಟ್ಟಿದ್ದು, ನಾಲ್ಕು ವರ್ಷ ಓದಿದ್ದು ಎಲ್ಲವೂ ಅದೇ ಪಣ. ಅದರ ಮೇಲೆ ಉಳಿದ ಹತ್ತು ಸಾವಿರವನ್ನೂ ಐಟಿ ಷೇರಿಗೇ ಹಾಕುವುದೆಂದರೆ ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಗೆ ತುಂಬುವುದು. ಅಮೆರಿಕದಲ್ಲಿ ಗಿರಾಕಿ ಕೈ ಹಿಡಿದರೆ ಕೆಲಸವೂ ಸಿಗದು, ಹಾಕಿದ ರೊಕ್ಕವೂ ಉಳಿಯದು. ಇಡೀ ಹೊಲಕ್ಕೆ ಗೋವಿನಜೋಳ ಹಾಕಿ, ಉಳಿತಾಯದ ದುಡ್ಡಿನಲ್ಲೂ ಗೋವಿನಜೋಳವನ್ನೇ ಕೊಂಡು ಗೋದಾಮು ತುಂಬುವ ರೈತನಿಗೆ ನಾವು ಏನು ಹೇಳುತ್ತೇವೆ? ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ 2025ರ ಹಂಗಾಮಿನಲ್ಲಿ ಗೋವಿನಜೋಳ ಬೆಳೆದವರು ಬೀದಿಗಿಳಿಯಬೇಕಾಯಿತು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇನ್ನೊಂದು ಭ್ರಮೆಯೂ ಇದೆ: ಷೇರು ಏರಿದರೆ ಕಂಪನಿ ಚೆನ್ನಾಗಿದೆ, ಕಂಪನಿ ಚೆನ್ನಾಗಿದ್ದರೆ ನೇಮಕಾತಿ ಆಗುತ್ತದೆ. ಮೇಲೆ ಹೇಳಿದ 2023–24ನ್ನೇ ಮತ್ತೆ ನೋಡಿ. ಐಟಿ ಸೂಚ್ಯಂಕ ಏರಿದ ಆ ವರ್ಷದಲ್ಲೇ ಟಿಸಿಎಸ್‌ನ ಸಿಬ್ಬಂದಿ ಸಂಖ್ಯೆ 13,249, ಇನ್ಫೊಸಿಸ್‌ನದು 25,994, ವಿಪ್ರೊದ್ದು 24,516 ಕಡಿಮೆಯಾಯಿತು. ಮೂರೂ ಸೇರಿ ಸುಮಾರು 64,000. ಷೇರಿನ ಗ್ರಾಫ್ ಮೇಲೆ, ಉದ್ಯೋಗಿಗಳ ಸಂಖ್ಯೆ ಕೆಳಗೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಹುದ್ದೆಗಳನ್ನು ಕಡಿತ ಮಾಡುವುದಾಗಿ ಹೇಳಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ಫೊಸಿಸ್ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು 18,000 ಕೋಟಿ ರೂಪಾಯಿ ತೆಗೆದಿಟ್ಟಿತು. ಕಂಪನಿಗಳ ದೃಷ್ಟಿಯಲ್ಲಿ ಇವಕ್ಕೆಲ್ಲ ಕಾರಣಗಳಿವೆ. ಆದರೆ ಷೇರುದಾರನ ಹಿತವೂ ಕೆಲಸ ಹುಡುಕುವವನ ಹಿತವೂ ಒಂದೇ ಚಕ್ಕಡಿಯಲ್ಲಿ ಹೋಗುವುದಿಲ್ಲ ಎಂಬುದು ನಮಗೆ ಗೊತ್ತಿರಬೇಕು. ಐಟಿ ಕೆಲಸ ಬೇಕಾದವರು ಪ್ರತಿ ತ್ರೈಮಾಸಿಕದ ಫಲಿತಾಂಶದಲ್ಲಿ ನೋಡಬೇಕಾದದ್ದು ಷೇರಿನ ಬೆಲೆಯನ್ನಲ್ಲ. ಸಿಬ್ಬಂದಿ ಸಂಖ್ಯೆ ಎಷ್ಟಾಯಿತು, ಫ್ರೆಶರ್‌ಗಳನ್ನು ಎಷ್ಟು ತೆಗೆದುಕೊಂಡರು, ಯಾವ ಕೌಶಲ ಕೇಳುತ್ತಿದ್ದಾರೆ ಎಂಬುದನ್ನು. ಅದು ಪುಕ್ಕಟೆ ಸಿಗುವ ಮಾಹಿತಿ, ಮತ್ತು ನಿಜವಾಗಿ ನಮ್ಮ ಕೆಲಸಕ್ಕೆ ಬರುವ ಮಾಹಿತಿ.

ಮನೆಯ ಬಡ್ಡಿ ಇಳಿಯಿತೇ?

ರೆಪೊ ದರ ನಮ್ಮ ಬದುಕಿಗೆ ಸಂಬಂಧವೇ ಇಲ್ಲದ್ದು ಎಂದು ನಾನು ಹೇಳುತ್ತಿಲ್ಲ. ಸಂಬಂಧ ಖಂಡಿತ ಇದೆ. ಅದು ಇರುವುದು ಮೊಬೈಲ್ ಪರದೆಯಲ್ಲಲ್ಲ, ಮನೆಯ ಟ್ರಂಕಿನಲ್ಲಿರುವ ಪಾಸ್‌ಬುಕ್ಕಿನಲ್ಲಿ. ಅದನ್ನು ಹೊರಗೆ ತೆಗೆದು ಓದಿದವರು ಎಷ್ಟು ಜನ?

ಅಕ್ಕನೋ ಅಣ್ಣನೋ ವಾಣಿಜ್ಯ ಬ್ಯಾಂಕಿನಲ್ಲಿ ಬದಲಾಗುವ ಬಡ್ಡಿಯ ಗೃಹ ಸಾಲ ತೆಗೆದಿದ್ದರೆ ಕಡಿತದ ಲಾಭ ಸಿಗಬೇಕು. 2019ರ ಅಕ್ಟೋಬರ್ 1ರಿಂದ ಇಂಥ ಹೊಸ ಸಾಲಗಳನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ದರ ಪರಿಷ್ಕರಿಸಬೇಕು ಎಂಬ ನಿಯಮವಿದೆ. 20 ವರ್ಷದ ಅವಧಿಗೆ 20 ಲಕ್ಷ ಸಾಲ, ಬಡ್ಡಿ ಶೇ 9 ಇದ್ದರೆ ಕಂತು ತಿಂಗಳಿಗೆ ಸುಮಾರು 17,995 ರೂಪಾಯಿ. ಒಂದೂಕಾಲು ಪರ್ಸೆಂಟ್ ಪೂರ್ತಿ ಇಳಿದು ಶೇ 7.75 ಆದರೆ ಸುಮಾರು 16,419 ರೂಪಾಯಿ. ತಿಂಗಳಿಗೆ 1,500 ರೂಪಾಯಿಗೂ ಹೆಚ್ಚು ಉಳಿತಾಯ! ಯಾವ ಆಪ್ಷನ್ನೂ ಇಷ್ಟು ಖಾತ್ರಿಯಾಗಿ ಕೊಡದ ಲಾಭ ಇದು. ಆದರೆ ಹಳೆಯ ಪದ್ಧತಿಯ ಸಾಲವಾಗಿದ್ದರೆ ತಾನಾಗಿಯೇ ಇಷ್ಟು ಇಳಿಯುವುದಿಲ್ಲ. ಬ್ಯಾಂಕಿಗೆ ಹೋಗಿ ‘ನಮ್ಮ ಸಾಲ ಯಾವ ದರಕ್ಕೆ ಜೋಡಣೆ ಆಗಿದೆ, ಬದಲಿಸಬಹುದೇ, ಶುಲ್ಕ ಎಷ್ಟು’ ಎಂದು ಕೇಳಬೇಕು. ಮನೆಯಲ್ಲಿ ಓದಿದ ಮಗನೋ ಮಗಳೋ ಇದ್ದರೆ ಈ ಕೆಲಸ ಅವರದ್ದು. ಶಿಕ್ಷಣ ಸಾಲ ಪಡೆದವರೂ ಇದೇ ಪ್ರಶ್ನೆ ಕೇಳಬಹುದು.

ಇದೇ ಕಡಿತ ಅಜ್ಜ–ಅಜ್ಜಿಗೆ ನಷ್ಟ. ಎಫ್‌ಡಿ ಅವಧಿ ಮುಗಿದು ನವೀಕರಿಸುವಾಗ ಕಡಿಮೆ ಬಡ್ಡಿ ಸಿಗುತ್ತದೆ. ಆದರೆ ಅಂಚೆ ಕಚೇರಿಯ ಸಣ್ಣ ಉಳಿತಾಯದ ದರಗಳನ್ನು ನಿಗದಿ ಮಾಡುವುದು ಕೇಂದ್ರ ಸರ್ಕಾರ. 2025ರ ಉದ್ದಕ್ಕೂ ರೆಪೊ ಇಳಿದರೂ ಅವು ಕದಲಲಿಲ್ಲ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಶೇ 8.2, ಪಿಪಿಎಫ್‌ಗೆ ಶೇ 7.1 ಹಾಗೆಯೇ ಉಳಿದವು. ಅಜ್ಜನ ಎಫ್‌ಡಿ ಈ ವರ್ಷ ಮುಗಿಯುತ್ತದೆಯೇ ಎಂದು ನೋಡಿ ಸರಿಯಾದ ಕಡೆ ಇಡಿಸಿಕೊಟ್ಟರೆ ಅದೂ ಒಂದು ಗಳಿಕೆಯೇ.

ಇನ್ನು ಅಪ್ಪನ ಬೆಳೆ ಸಾಲ. ಸಹಕಾರ ಸಂಘದಲ್ಲಿ ಐದು ಲಕ್ಷದವರೆಗಿನ ಅಲ್ಪಾವಧಿ ಸಾಲಕ್ಕೆ ರಾಜ್ಯ ಸರ್ಕಾರದ ಯೋಜನೆಯಲ್ಲಿ ಶೂನ್ಯ ಬಡ್ಡಿ. ಸಕಾಲಕ್ಕೆ ಮರುಪಾವತಿ ಮಾಡಿದರೆ ರೆಪೊ ಏರಲಿ ಇಳಿಯಲಿ, ಅದಕ್ಕೆ ಬಿಸಿಯೂ ತಟ್ಟದು, ತಂಪೂ ತಟ್ಟದು.

ಕೊನೆಗೆ ಅವ್ವನ ‘ಸಂಘದ ಸಾಲ’. ನಮ್ಮ ಹಳ್ಳಿಗಳಲ್ಲಿ ಮೈಕ್ರೊಫೈನಾನ್ಸ್ ಸಾಲಕ್ಕೆ ಇಟ್ಟ ಹೆಸರು ಅದೇ. ಬಡ್ಡಿ ಸಾಮಾನ್ಯವಾಗಿ ಶೇ 20ರ ಮೇಲೆಯೇ. 2022ರ ಏಪ್ರಿಲ್‌ನಿಂದ ಈ ಸಂಸ್ಥೆಗಳ ಬಡ್ಡಿಗೆ ರಿಸರ್ವ್ ಬ್ಯಾಂಕಿನ ಮಿತಿಯೂ ಇಲ್ಲ. ಶೇ 24ರ ಬಡ್ಡಿಯಲ್ಲಿ ಎರಡು ವರ್ಷಕ್ಕೆ 50,000 ರೂಪಾಯಿ ಪಡೆದರೆ ತಿಂಗಳ ಕಂತು ಸುಮಾರು 2,643 ರೂಪಾಯಿ. ರೆಪೊ ಕಡಿತದ ಒಂದೂಕಾಲು ಪರ್ಸೆಂಟನ್ನು ಪೂರ್ತಿ ಬಿಟ್ಟುಕೊಟ್ಟರೂ ಕಂತು ಇಳಿಯುವುದು ಸುಮಾರು 30 ರೂಪಾಯಿ ಮಾತ್ರ. 2025ರ ಜನವರಿಯಲ್ಲಿ ನಮ್ಮದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಸಾಲ ವಸೂಲಿಯ ಕಿರುಕುಳ ತಾಳಲಾರದೆ ಮುಖ್ಯಮಂತ್ರಿಗೆ ಮಾಂಗಲ್ಯ ಸರ ಅಂಚೆಯಲ್ಲಿ ಕಳಿಸಿದ್ದು ನೆನಪಿರಬೇಕು. ಫೆಬ್ರುವರಿಯಲ್ಲಿ ಎರಡು ಸುದ್ದಿ ಬಂದವು. 7ರಂದು ರೆಪೊ ಕಡಿತ. ಅದೇ ತಿಂಗಳು ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡಿದ್ದು ಮೊದಲನೆಯದು. ನಮ್ಮ ಓಣಿಯ ಅವ್ವಂದಿರಿಗೆ ಬೇಕಾಗಿದ್ದದ್ದು ಎರಡನೆಯದು.

ಸಾಲದ ಸಂಕಟದ ಬಗ್ಗೆ ಊರೂರಿಗೂ ಎಚ್ಚರಿಕೆ ಹೇಳಿದ ಸರ್ವಜ್ಞನನ್ನು ನಮ್ಮ ಹಿರೇಕೆರೂರು ಸೀಮೆಯವನು ಎಂದು ಹೆಮ್ಮೆಪಡುತ್ತೇವೆ. ಮನೆಯ ಸಾಲದ ಬಡ್ಡಿ ಎಷ್ಟು ಎಂದು ಕೇಳಿದರೆ ಮಾತ್ರ ಉತ್ತರ ಬರುವುದಿಲ್ಲ. ಶೇ 24ರ ಸಾಲ ಮನೆಯಲ್ಲಿ ಇಟ್ಟುಕೊಂಡು ಶೇ 10 ಲಾಭ ಸಿಗಬಹುದೆಂದು ಷೇರಿಗೆ ದುಡ್ಡು ಹಾಕುವುದು ಯಾವ ಲೆಕ್ಕದಲ್ಲಿ ಜಾಣತನ? ಆ ಹತ್ತು ಸಾವಿರವನ್ನು ಸಾಲಕ್ಕೆ ಕಟ್ಟಿದರೆ ಅಷ್ಟರ ಮಟ್ಟಿಗೆ ಶೇ 24ರ ಬಡ್ಡಿ ಖಾತ್ರಿಯಾಗಿ ಉಳಿಯುತ್ತದೆ. ನಮ್ಮ ಮನೆಗಳಿಗೆ ಅದಕ್ಕಿಂತ ಒಳ್ಳೆಯ ಹೂಡಿಕೆ ಬಹುಶಃ ಇಲ್ಲ.

ಹಾಗಾದರೆ ಷೇರೇ ಬೇಡವೇ?

‘ಹಳ್ಳಿಯವರು ಷೇರುಪೇಟೆಗೆ ಕಾಲಿಡಬಾರದು ಅಂತೀರೇನು? ಲಾಭ ಎಲ್ಲಾ ಸಿಟಿಯವರಿಗೇ ಇರಲಿ ಅಂತೀರೇನು?’ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. 1993ರಲ್ಲಿ ಇನ್ಫೊಸಿಸ್ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಅಂದು ಕೊಂಡು ದಶಕಗಳ ಕಾಲ ಇಟ್ಟುಕೊಂಡವರು ಶ್ರೀಮಂತರಾದರು. ಅವರು ಪಣ ಕಟ್ಟಿದ್ದು ಕಂಪನಿಯ ದುಡಿಮೆಯ ಮೇಲೆ, ಗವರ್ನರ್ ಬಾಯಿಂದ ಬರುವ ಒಂದು ವಾಕ್ಯದ ಮೇಲಲ್ಲ. ಕೈಯಲ್ಲಿ ಸ್ವಂತ ಗಳಿಕೆ ಇದ್ದು, ಮನೆಯಲ್ಲಿ ದುಬಾರಿ ಸಾಲ ಇಲ್ಲದಿದ್ದರೆ, ತಿಂಗಳಿಗೆ ಐನೂರು ರೂಪಾಯಿಯಂತೆ ಇಂಡೆಕ್ಸ್ ಫಂಡಿಗೆ ವರ್ಷಗಟ್ಟಲೆ ಹಾಕುತ್ತಾ ಹೋಗುವುದರಲ್ಲಿ ತಪ್ಪಿಲ್ಲ. ಅಲ್ಲೂ ಏರಿಳಿತವಿದೆ, ಆದರೆ ಎಲ್ಲವನ್ನೂ ಒಂದೇ ಬೆಳಿಗ್ಗೆ ಕಳೆದುಕೊಳ್ಳುವ ಭಯವಿಲ್ಲ.

ಇನ್ನೊಂದು ವಾದವನ್ನೂ ಕೇಳಿದ್ದೇನೆ: ‘ಊರಾಗ ಕೆಲಸ ಇಲ್ಲ, ನೋಟಿಫಿಕೇಶನ್ ಬರಲ್ಲ, ಪರೀಕ್ಷಾ ಮುಂದಕ್ಕ ಹೋಗ್ತಾವು. ಖಾಲಿ ಕೂತು ಏನ್ ಮಾಡೂದು?’ ಈ ಮಾತಿನಲ್ಲಿರುವ ನೋವು ನನಗೂ ಗೊತ್ತು. ನೇಮಕಾತಿ ತಡವಾದಷ್ಟೂ ಬೇಗ ದುಡ್ಡು ಮಾಡುವ ಆಸೆ ಬಲಿಯುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ಸರ್ಕಾರದಲ್ಲಿದ್ದಾರೆ, ಅವರನ್ನು ಕೇಳುತ್ತಲೇ ಇರಬೇಕು. ಆದರೆ ನಿರುದ್ಯೋಗದ ಮೇಲೆ ಎರಡು ಲಕ್ಷದ ನಷ್ಟ ಸೇರಿಸಿಕೊಂಡರೆ ಆ ಪ್ರಶ್ನೆ ಕೇಳುವ ಗಟ್ಟಿತನವೂ ಉಳಿಯುವುದಿಲ್ಲ. ಕಟ್ಟಬೇಕಾದ ಫೀ ಕಳೆದುಕೊಂಡ ಹುಡುಗ ಮೊದಲು ಮುಚ್ಚಿಡುತ್ತಾನೆ, ಆಮೇಲೆ ಆ್ಯಪ್‌ನಲ್ಲಿ ಸಾಲ ಮಾಡುತ್ತಾನೆ, ಕೊನೆಗೆ ಊರನ್ನೇ ತಪ್ಪಿಸಿಕೊಂಡು ತಿರುಗುತ್ತಾನೆ. ಹೀಗಾದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ನಿಮ್ಮ ಗುಂಪಿನಲ್ಲಿ ಅಂಥವರು ಇದ್ದರೆ ಬೈಯಬೇಡಿ, ಮನೆಯಲ್ಲಿ ಹೇಳಲು ಜೊತೆಗೆ ಹೋಗಿ.

ನಮ್ಮ ಕಾಲೇಜುಗಳಿಗೂ ಒಂದು ವಿನಂತಿ. ವಾಣಿಜ್ಯ ವಿಭಾಗದವರು ಸಭೆಯ ದಿನ ವಿದ್ಯಾರ್ಥಿಗಳನ್ನು ಕೂರಿಸಿ ಗವರ್ನರ್ ಭಾಷಣ ತೋರಿಸಲಿ. ಬಳಿಕ ಪ್ರತಿಯೊಬ್ಬರೂ ತಮ್ಮ ಮನೆಯ ಸಾಲ, ಠೇವಣಿಗಳ ಪಟ್ಟಿ ಮಾಡಿ, ಯಾವುದಕ್ಕೆ ಈ ತೀರ್ಮಾನ ತಟ್ಟುತ್ತದೆ, ಯಾವುದಕ್ಕೆ ಇಲ್ಲ ಎಂದು ಬರೆಯಲಿ. ಹೆಸರು ಬರೆಯುವುದು ಬೇಡ. ಪಠ್ಯಪುಸ್ತಕದ ಹತ್ತು ಪುಟಕ್ಕಿಂತ ಹೆಚ್ಚನ್ನು ಆ ಒಂದು ಹಾಳೆ ಕಲಿಸುತ್ತದೆ. ಬ್ಯಾಂಕ್ ಸಂದರ್ಶನದಲ್ಲಿ ‘ರೆಪೊ ದರ ಎಂದರೇನು’ ಎಂದು ಕೇಳಿದಾಗ ವ್ಯಾಖ್ಯೆ ಒಪ್ಪಿಸುವ ಬದಲು ಸ್ವಂತ ಮನೆಯ ಉದಾಹರಣೆ ಕೊಟ್ಟು ಹೇಳುವ ಅಭ್ಯರ್ಥಿ ಉಳಿದವರಿಗಿಂತ ಮುಂದೆ ಇರುತ್ತಾನೆ.

ಮುಂದಿನ ಸಭೆ ಬಂದೇ ಬರುತ್ತದೆ. ದರ ಇಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ, ನಿಮ್ಮ ಗುಂಪಿನ ಅಡ್ಮಿನ್‌ಗೂ ಗೊತ್ತಿಲ್ಲ. ಅಷ್ಟರೊಳಗೆ ಅವ್ವನ ಸಾಲದ ಕಾರ್ಡ್ ಕೇಳಿ ತೆಗೆದುಕೊಳ್ಳಿ. ಕಂತು ಎಷ್ಟು, ಇನ್ನೂ ಎಷ್ಟು ಬಾಕಿ, ಬಡ್ಡಿ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಅವರಿಗೆ ಓದಿ ಹೇಳಿ. ನಿಮ್ಮ ಓದಿನಿಂದ ಮನೆಗೆ ಸಿಗುವ ಮೊದಲ ಲಾಭ ಅದೇ ಆಗಲಿ.